ಬೆಳಕು ಹಾಕಿದರೆ ಕರೆಂಟ್ ಬರುತ್ತಿಲ್ಲ, ಬಂದರೂ ನಂಬಿಕೆಯಿಲ್ಲ: ಬ್ಯಾಕ್ಟೀರಿಯೊರೊಡಾಪ್ಸಿನ್ ಸೆಲ್‌ನ ದೋಷ ಹುಡುಕುವುದು ಹೇಗೆ

ಪ್ರೋಟೀನಿನಿಂದ ಸೋಲಾರ್ ಸೆಲ್ ಮಾಡುವುದು ಹೇಗೆ ಅಂತ ನಾನಿಲ್ಲಿ ಹೇಳುವುದಿಲ್ಲ. ನೀವು ಸೆಲ್ ಮಾಡಿ ಆಗಿದೆ, ಲೈಟ್ ಹಾಕಿದ್ದೀರಿ, ಏನೋ ಸರಿ ಇಲ್ಲ. ಒಂದೋ ಮೀಟರ್ ಅಲುಗಾಡುತ್ತಿಲ್ಲ, ಇಲ್ಲವೇ ಅನುಮಾನ ಬರುವಷ್ಟು ಚೆನ್ನಾಗಿ ಅಲುಗಾಡುತ್ತಿದೆ. ನನ್ನ ಅನುಭವದಲ್ಲಿ ಎರಡನೆಯದೇ ದೊಡ್ಡ ತಲೆನೋವು. ಕರೆಂಟ್ ಬರದಿದ್ದರೆ ಹುಡುಕುತ್ತೇವೆ. ಬಂದುಬಿಟ್ಟರೆ ಖುಷಿಯಾಗಿ ಸುಮ್ನೆ ಇದ್ದುಬಿಡುತ್ತೇವೆ, ಅಲ್ವಾ?

ನನ್ನ ಕಥೆಯೂ ಅದೇ. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಪದರ, ಅದರ ಮೇಲೆ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ನೇರಳೆ ಪ್ರೋಟೀನ್, ಬೀಕರಿನಲ್ಲಿ ಮೂರು ಎಲೆಕ್ಟ್ರೋಡ್, ಎದುರಿಗೆ ಕ್ಸೆನಾನ್ ಲ್ಯಾಂಪ್. ಮೊದಲ ದಿನವೇ 11 ಮೈಕ್ರೊಆಂಪಿಯರ್ ಬಂತು. ಲೈಟ್ ಆನ್ ಮಾಡಿದರೆ ಏರುತ್ತದೆ, ಆಫ್ ಮಾಡಿದರೆ ಇಳಿಯುತ್ತದೆ. ಗ್ರಾಫ್ ನೋಡಿದರೆ ಕಣ್ಣಿಗೆ ಹಬ್ಬ. ಆ 11ರಲ್ಲಿ ಪ್ರೋಟೀನಿನ ಪಾಲು ಎಷ್ಟು ಎಂದು ಗೊತ್ತಾಗಲು ಮೂರು ವಾರ ಬೇಕಾಯಿತು.

ಮೊದಲು ಕರೆಂಟಿನ ಆಕಾರ ನೋಡಿ

ಬ್ಯಾಕ್ಟೀರಿಯೊರೊಡಾಪ್ಸಿನ್ ಉಪ್ಪಿನ ಗದ್ದೆಯಂಥ ಜಾಗದಲ್ಲಿ ಬದುಕುವ ಹ್ಯಾಲೊಬ್ಯಾಕ್ಟೀರಿಯಂ ಸಲಿನಾರಂ ಎಂಬ ಸೂಕ್ಷ್ಮಜೀವಿಯ ಪೊರೆಯಲ್ಲಿದೆ. ಇದನ್ನು 1971ರಲ್ಲಿ ಜಗತ್ತಿಗೆ ತಿಳಿಸಿದವರು ಡೀಟರ್ ಊಸ್ಟರ್‌ಹೆಲ್ಟ್ ಮತ್ತು ವಾಲ್ಟರ್ ಸ್ಟೋಕೇನಿಯಸ್. ಒಳಗೆ ರೆಟಿನಾಲ್ ಎಂಬ ಸಣ್ಣ ಅಣು ಕೂತಿರುತ್ತದೆ. ನಮ್ಮ ಕಣ್ಣಿನ ಪ್ರೋಟೀನಿನಲ್ಲಿ ಇರುವುದೂ ಇದೇ ಜಾತಿಯ ಅಣು. ಬೆಳಕು ಬಿದ್ದಾಗ ಅದು ತಿರುಚಿಕೊಂಡು ಒಂದು ಪ್ರೋಟಾನನ್ನು ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುತ್ತದೆ. ಒಂದು ಸುತ್ತಿಗೆ ಸುಮಾರು 10 ಮಿಲಿಸೆಕೆಂಡ್.

ಗಮನಿಸಿ, ದಾಟುವುದು ಪ್ರೋಟಾನ್. ನಿಮ್ಮ ತಂತಿಯಲ್ಲಿ ಓಡಬೇಕಾದದ್ದು ಎಲೆಕ್ಟ್ರಾನ್. ಬೋರ್‌ವೆಲ್ ಪಂಪು ನೀರೆತ್ತುತ್ತದೆ, ಹಾಗಂತ ಪೈಪಿಗೆ ಬಲ್ಬ್ ಸಿಕ್ಕಿಸಿದರೆ ಉರಿಯುತ್ತದೆಯೇ? ಹಾಗಾಗಿ ಸಪಾಟಾದ ಟಿನ್ ಆಕ್ಸೈಡ್ ಗಾಜಿನ ಮೇಲೆ ಈ ಪ್ರೋಟೀನ್ ಹಚ್ಚಿ ನೀರಿನಲ್ಲಿಟ್ಟರೆ ಗ್ರಾಫಿನಲ್ಲಿ ಸಿಗುವುದು ಒಂದು ಮುಳ್ಳು ಮಾತ್ರ. ಲೈಟ್ ಆನ್ ಆದಾಗ ಒಂದು ಕಡೆಗೆ ಚುಚ್ಚಿ ಇಳಿಯುತ್ತದೆ, ಆಫ್ ಆದಾಗ ಉಲ್ಟಾ ಕಡೆಗೆ ಚುಚ್ಚುತ್ತದೆ. ನಡುವೆ ಸೊನ್ನೆ. 1992ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಮತ್ತು ಜೊತೆಗಾರರು ಈ ಗುಣವನ್ನೇ ಬಳಸಿ ಚಿತ್ರ ಗುರುತಿಸುವ ಕೃತಕ ಕಣ್ಣಿನಂಥದ್ದನ್ನು ಮಾಡಿ ತೋರಿಸಿದರು. ಬೆಳಕು ಬದಲಾದಾಗ ಮಾತ್ರ ಸಿಗ್ನಲ್, ಬದಲಾಗದಿದ್ದರೆ ಮೌನ. (ಇದೇ ಮಿಯಾಸಾಕಾ 2009ರಲ್ಲಿ ಪೆರೋವ್‌ಸ್ಕೈಟ್ ಎಂಬ ಹರಳಿನ ಸೋಲಾರ್ ಸೆಲ್‌ಗೆ ನಾಂದಿ ಹಾಡಿದವರು.)

ಆ ಮುಳ್ಳಿಗೆ ಹೆಚ್ಚಿನ ಮಟ್ಟಿಗೆ ಕಾರಣ ಎಲೆಕ್ಟ್ರೋಡಿನ ಪಕ್ಕದಲ್ಲೇ ಪಿಎಚ್ ಸ್ವಲ್ಪ ಏರಿಳಿಯುವುದು. ಟಿನ್ ಆಕ್ಸೈಡ್ ಪಿಎಚ್‌ಗೆ ಸ್ಪಂದಿಸುವ ವಸ್ತು.

ಈಗ ನಿಮ್ಮ ಗ್ರಾಫ್ ನೋಡಿ. ಸಪಾಟು ಗಾಜು, ಸುಮ್ನೆ ಉಪ್ಪುನೀರು, ಆದರೂ ಲೈಟ್ ಇರುವಷ್ಟು ಹೊತ್ತು ಕರೆಂಟ್ ಮೆಟ್ಟಿಲಿನ ಹಾಗೆ ಎದ್ದು ನಿಂತಿದೆಯಾ? ಹಾಗಿದ್ದರೆ ಅದು ಬಹುಮಟ್ಟಿಗೆ ಪ್ರೋಟೀನಿನದ್ದಲ್ಲ. ಟೈಟಾನಿಯಂ ಡೈಆಕ್ಸೈಡ್ ಪದರ, ಎಲೆಕ್ಟ್ರಾನನ್ನು ಅತ್ತಿಂದಿತ್ತ ಸಾಗಿಸುವ ಅಯೊಡೈಡ್‌ನಂಥ ದ್ರಾವಣ (ಎಲೆಕ್ಟ್ರೋಲೈಟ್), ಪ್ಲಾಟಿನಂ ಎದುರು ಗಾಜು ಇರುವ ಸ್ಯಾಂಡ್‌ವಿಚ್ ಸೆಲ್ ಆದರೆ ನಿಲ್ಲುವ ಕರೆಂಟ್ ಬರಲು ಅವಕಾಶ ಇದೆ, ಅಂಥ ವರದಿಗಳೂ ಇವೆ, ದಕ್ಷತೆ ಮಾತ್ರ ಶೇಕಡಾ 1ಕ್ಕಿಂತ ಕೆಳಗೆ. ಆದರೆ ಅಲ್ಲೇ ಮೋಸ ಹೋಗುವ ದಾರಿಗಳೂ ಜಾಸ್ತಿ.

ಒಂದು ಲೆಕ್ಕ, ಮೀಟರ್ ಮುಟ್ಟುವ ಮುನ್ನ

ಪೊರೆಯಲ್ಲಿ ಈ ಪ್ರೋಟೀನುಗಳು ಮೂರು ಮೂರು ಸೇರಿ ಜೇನುಗೂಡಿನ ಹಾಗೆ ಒತ್ತಾಗಿ ಕೂತಿರುತ್ತವೆ. ಒಂದೊಂದಕ್ಕೆ ಸುಮಾರು 11 ಚದರ ನ್ಯಾನೊಮೀಟರ್ ಜಾಗ. ಅಂದರೆ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 9 ಲಕ್ಷ ಕೋಟಿ ಪ್ರೋಟೀನು. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ 568 ನ್ಯಾನೊಮೀಟರಿನಲ್ಲಿ ಇದರ ಮೋಲಾರ್ ಹೀರುವಿಕೆ (ಬೆಳಕು ಹೀರುವ ತಾಕತ್ತಿನ ಅಳತೆ) 63,000, ಹಾಗಾಗಿ ಒಂದೇ ಪದರ ಹೀರುವುದು ಬಿದ್ದ ಬೆಳಕಿನ ಶೇಕಡಾ 0.2ರಷ್ಟು ಮಾತ್ರ. ಪೂರ್ತಿ ಬಿಸಿಲು, ಅಂದರೆ ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್, ಹೀರಿದ ಪ್ರತಿ ಫೋಟಾನಿಗೂ ಒಂದು ಎಲೆಕ್ಟ್ರಾನ್ ಬಂತು ಎಂದೇ ಇಟ್ಟುಕೊಳ್ಳಿ. ಆಗಲೂ ಒಂದು ಪದರದಿಂದ 20 ಮೈಕ್ರೊಆಂಪಿಯರ್ ಆಸುಪಾಸಿಗೆ ಆಟ ಮುಗಿಯಿತು. ವಾಸ್ತವದಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಸಪಾಟು ಗಾಜಿನಲ್ಲಿ ಮಿಲಿಆಂಪಿಯರ್ ಬರುತ್ತಿದ್ದರೆ ಸಂಭ್ರಮ ಬೇಡ, ಕ್ರೊಕೊಡೈಲ್ ಕ್ಲಿಪ್ಪು ನೀರಿಗೆ ತಾಗಿದೆಯಾ ನೋಡಿ. ನನ್ನ 11 ಮೈಕ್ರೊಆಂಪಿಯರ್ ಬಗ್ಗೆ ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ಇದೇ ಲೆಕ್ಕ.

ಬರಬಾರದ ಕರೆಂಟ್ ಎಲ್ಲಿಂದ ಬರುತ್ತದೆ

ಮೊದಲ ಕಳ್ಳ ಟೈಟಾನಿಯಂ ಡೈಆಕ್ಸೈಡೇ. ಇದರ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಎಬ್ಬಿಸಲು ಬೇಕಾದ ಕನಿಷ್ಠ ಶಕ್ತಿ) 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಯುವಿ ಬೆಳಕನ್ನು ತಾನೇ ಹೀರಿ ತಾನೇ ಕರೆಂಟ್ ಕೊಡುತ್ತದೆ. ಕ್ಸೆನಾನ್ ಲ್ಯಾಂಪಿನಲ್ಲಿ ಯುವಿ ಧಾರಾಳ. ಬಿಸಿಲಿನಲ್ಲೂ ಇದೆ. ಲ್ಯಾಂಪಿನ ಮುಂದೆ 420 ನ್ಯಾನೊಮೀಟರಿಗಿಂತ ಕೆಳಗಿನದ್ದನ್ನು ತಡೆಯುವ ಹಳದಿ ಫಿಲ್ಟರ್ ಇಡಿ. ನನ್ನ 11 ಅಲ್ಲೇ 2ಕ್ಕೆ ಇಳಿಯಿತು. ಹೊಟ್ಟೆ ಉರಿಯಿತು, ಆದರೆ ಏನು ಮಾಡುವುದು.

"ಪ್ರೋಟೀನ್ ಇಲ್ಲದ ಬರೀ ಪದರವನ್ನೂ ಅಳೆದಿದ್ದೇನೆ, ಅದರಲ್ಲಿ ಕಡಿಮೆ ಬಂತು, ಹಾಗಾಗಿ ಹೆಚ್ಚಿನದ್ದು ಪ್ರೋಟೀನಿನದ್ದೇ" ಎನ್ನುವವರು ಒಂದು ನಿಮಿಷ ನಿಲ್ಲಿ. ನಾನೂ ಹೀಗೇ ವಾದಿಸಿದ್ದೆ. ಯುವಿ ಬಿದ್ದಾಗ ಟೈಟಾನಿಯಂ ಡೈಆಕ್ಸೈಡ್ ತನ್ನ ಮೇಲೆ ಕೂತ ಯಾವುದೇ ಜೈವಿಕ ವಸ್ತುವನ್ನು ಸುಡುತ್ತಾ ಹೋಗುತ್ತದೆ, ಹಾಗೆ ಸುಡುವಾಗ ಕರೆಂಟ್ ಇನ್ನಷ್ಟು ಏರುತ್ತದೆ. ಪ್ರೋಟೀನ್, ಕೊಬ್ಬು, ಡಿಟರ್ಜೆಂಟ್, ಗ್ಲಿಸರಾಲ್, ಯಾವುದಾದರೂ ನಡೆಯುತ್ತದೆ. ಅಂದರೆ ನಿಮ್ಮ ಪ್ರೋಟೀನ್ ಅಲ್ಲಿ ಬೆಳಕು ಹಿಡಿಯುತ್ತಿಲ್ಲ, ಸೌದೆಯಾಗಿ ಉರಿಯುತ್ತಿದೆ. ಬರೀ ಪದರದ ಹೋಲಿಕೆ ಇದನ್ನು ಹಿಡಿಯುವುದಿಲ್ಲ. ಬಣ್ಣವಿಲ್ಲದ ಬೇರೊಂದು ಪ್ರೋಟೀನ್ ಹಚ್ಚಿ ಅಳೆಯಿರಿ, ದನದ ರಕ್ತದ ಆಲ್ಬುಮಿನ್ ಪ್ರತಿ ಬಯೊಕೆಮಿಸ್ಟ್ರಿ ಲ್ಯಾಬಿನ ಫ್ರಿಜ್ಜಿನಲ್ಲೂ ಇರುತ್ತದೆ. ಅದೂ ಅಷ್ಟೇ ಕರೆಂಟ್ ಕೊಟ್ಟರೆ ಉತ್ತರ ಸಿಕ್ಕಿತು.

ಇನ್ನೊಂದು ಸೂಕ್ಷ್ಮ ಇದೆ. ಪ್ರೋಟೀನ್ ಹಾಳಾಗಿ ಒಳಗಿನ ರೆಟಿನಾಲ್ ಕಳಚಿ ಬಿದ್ದರೆ, ಆ ಬಿಡಿ ರೆಟಿನಾಲ್ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಹೀರಿ ಎಲೆಕ್ಟ್ರಾನ್ ಕೊಡುವ ಸಾಮಾನ್ಯ ಡೈ (ಬಣ್ಣ) ಹಾಗೆ ಕೆಲಸ ಮಾಡಿಬಿಡಬಹುದು. ಬಿಡಿ ರೆಟಿನಾಲ್ ಹೀರುವುದು 380 ನ್ಯಾನೊಮೀಟರಿನ ಹತ್ತಿರ. ನಿಮ್ಮ ಕರೆಂಟ್ ನೀಲಿ ಮತ್ತು ನೇರಳೆ ಎಲ್‌ಇಡಿಯಲ್ಲಿ ಜಾಸ್ತಿ, ಹಸಿರಿನಲ್ಲಿ ಕಡಿಮೆ ಬರುತ್ತಿದ್ದರೆ ಇದರ ಮೇಲೆ ಕಣ್ಣಿಡಿ.

ಎರಡನೆಯ ಕಳ್ಳನಿಗೆ ನಾನು ಪೂರ್ತಿ ಒಂದು ವಾರ ಕೊಟ್ಟಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಫಿಲ್ಟರ್ ಇಟ್ಟ ಮೇಲೂ ಆ 2 ಮೈಕ್ರೊಆಂಪಿಯರ್ ಹಟ ಹಿಡಿದು ಕೂತಿತ್ತು. ಪ್ರೋಟೀನ್ ಬದಲಾಯಿಸಿದೆ, ಗಾಜು ಬದಲಾಯಿಸಿದೆ, ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಹೊಸದಾಗಿ ಮಾಡಿದೆ. ಬರೀ ಗಾಜು ಇಟ್ಟರೂ ಬರುತ್ತಿತ್ತು! ಕೊನೆಗೆ ಒಂದು ಸಂಜೆ ಬೀಕರ್ ಸ್ವಲ್ಪ ತಿರುಗಿ ಕೂತಿತ್ತು, ಕರೆಂಟ್ ಅರ್ಧ ಆಯಿತು. ಆಗ ಹೊಳೆಯಿತು. ಲ್ಯಾಂಪಿನ ಬೆಳಕು ರೆಫರೆನ್ಸ್ ಎಲೆಕ್ಟ್ರೋಡಿನ, ಅಂದರೆ ವೋಲ್ಟೇಜ್ ಅಳೆಯಲು ಆಧಾರವಾಗಿ ಇಡುವ ಎಲೆಕ್ಟ್ರೋಡಿನ ಮೇಲೂ ಬೀಳುತ್ತಿತ್ತು. ಅದು ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನದ್ದು. ಸಿಲ್ವರ್ ಕ್ಲೋರೈಡ್ ಬೆಳಕಿಗೆ ಸ್ಪಂದಿಸುವ ವಸ್ತು, ಹಳೆಯ ಕಾಲದ ಫೋಟೊ ಕಾಗದದಲ್ಲಿ ಇದ್ದದ್ದೂ ಬೆಳ್ಳಿಯ ಇಂಥ ಲವಣಗಳೇ. ರೆಫರೆನ್ಸ್ ಅಲುಗಾಡಿದರೆ ಪೊಟೆನ್ಶಿಯೊಸ್ಟ್ಯಾಟ್ (ರೆಫರೆನ್ಸ್ ನೋಡಿಕೊಂಡು ವೋಲ್ಟೇಜ್ ಹಿಡಿದಿಡುವ ಯಂತ್ರ) ಪ್ರೋಟೀನ್ ಹಚ್ಚಿದ ಎಲೆಕ್ಟ್ರೋಡನ್ನೂ ಜೊತೆಗೇ ಅಲುಗಾಡಿಸುತ್ತದೆ, ನಮಗದು ಫೋಟೊಕರೆಂಟ್ ಥರ ಕಾಣುತ್ತದೆ. ರೆಫರೆನ್ಸಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದೆ. 2 ಮೈಕ್ರೊಆಂಪಿಯರ್ ಮಾಯ.

ಮೂರನೆಯದು ಶಟರ್. ಎಲೆಕ್ಟ್ರಿಕ್ ಶಟರ್ ಟಕ್ ಎಂದಾಗ ಅದರ ಕಾಯಿಲಿನಿಂದಲೇ ಸಿಗ್ನಲ್ ತಂತಿಗೆ ಮುಳ್ಳು ಹಾರುತ್ತದೆ, ಅದೂ ಆನ್‌ನಲ್ಲಿ ಒಂದು ಕಡೆ, ಆಫ್‌ನಲ್ಲಿ ಇನ್ನೊಂದು ಕಡೆ, ಥೇಟ್ ನಮ್ಮ ಪ್ರೋಟೀನಿನ ಹಾಗೆ. ಸೆಲ್ ಮುಂದೆ ಕಪ್ಪು ಕಾಗದ ಇಟ್ಟು ಶಟರ್ ಓಡಿಸಿ ನೋಡಿ. ಕತ್ತಲಲ್ಲೂ ಮುಳ್ಳು ಬಂದರೆ ಶಟರ್ ದೂರ ಇಡಿ.

ಉಳಿದ ಮುಳ್ಳು ಪ್ರೋಟೀನಿನದ್ದೇ ಎಂದು ಗೊತ್ತಾಗುವುದು ಹೇಗೆ

ಇಷ್ಟೆಲ್ಲ ಸೋಸಿದ ಮೇಲೆ ನನ್ನ ಹತ್ತಿರ ಉಳಿದದ್ದು 60 ನ್ಯಾನೊಆಂಪಿಯರಿನ ಒಂದು ಪುಟ್ಟ ಮುಳ್ಳು. ಇದನ್ನು ಮೂರು ರೀತಿ ವಿಚಾರಿಸಿದೆ.

ಬಣ್ಣ ಬದಲಾಯಿಸಿ. ಪ್ರೋಟೀನ್ 568ರಲ್ಲಿ ಹೆಚ್ಚು ಹೀರುತ್ತದೆ, ಹಾಗಾಗಿ ಹಸಿರು, ಹಳದಿ ಎಲ್‌ಇಡಿಯಲ್ಲಿ ಮುಳ್ಳು ಉದ್ದ, ಕೆಂಪಿನಲ್ಲಿ ಗಿಡ್ಡ ಆಗಬೇಕು. ಎಲ್ಲ ಎಲ್‌ಇಡಿಯಿಂದಲೂ ಒಂದೇ ಸಂಖ್ಯೆಯ ಫೋಟಾನ್ ಬೀಳುವಂತೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಈ ಹೋಲಿಕೆಗೆ ಬೆಲೆ ಇಲ್ಲ. ಎಲ್ಲ ಬಣ್ಣಕ್ಕೂ ಒಂದೇ ಉತ್ತರ ಬಂದರೆ ಅದು ಬಿಸಿಯ ಆಟ, ಅಥವಾ ಬೇರೆ ಯಾವುದೋ ಲೋಹದ್ದು.

ಬಫರ್ ಬದಲಾಯಿಸಿ. ಮುಳ್ಳಿಗೆ ಕಾರಣ ಪಿಎಚ್ ಏರಿಳಿತ ಆದರೆ, ಬಫರ್ 1 ಮಿಲಿಮೋಲಾರಿನಿಂದ 50ಕ್ಕೆ ಏರಿಸಿದಾಗ ಅದು ಕುಗ್ಗಬೇಕು. ಎಷ್ಟೋ ಜನ "ಸಿಗ್ನಲ್ ಬರ್ತಿಲ್ಲ" ಎಂದು ಗೋಳಾಡುವುದಕ್ಕೆ ಕಾರಣವೂ ಇದೇ. ಬೇರೆ ಪ್ರಯೋಗದ ಅಭ್ಯಾಸದಲ್ಲಿ ಗಟ್ಟಿ ಬಫರ್ ಸುರಿದಿರುತ್ತಾರೆ.

ಪಿಎಚ್ ಇಳಿಸಿ. ಪಿಎಚ್ 7ರ ಹತ್ತಿರ ಈ ಪ್ರೋಟೀನ್ ಮೊದಲು ಪ್ರೋಟಾನ್ ಬಿಡುತ್ತದೆ, ಆಮೇಲೆ ಎತ್ತಿಕೊಳ್ಳುತ್ತದೆ. ಆಮ್ಲ ಜಾಸ್ತಿ ಆದರೆ ಸರದಿ ತಿರುಗುತ್ತದೆ, ಮುಳ್ಳು ತಲೆಕೆಳಗಾಗುತ್ತದೆ. ಶಟರಿನ ಗದ್ದಲಕ್ಕೂ ಬಿಸಿಗೂ ಈ ಬುದ್ಧಿ ಇಲ್ಲ. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಗಟ್ಟಿ ಸಾಕ್ಷಿ.

ಏನೂ ಬರುತ್ತಿಲ್ಲ ಎನ್ನುವವರಿಗೆ

ನಾಚಿಕೆ ಬಿಟ್ಟು ಮೊದಲು ಗಾಜಿನ ಬದಿ ನೋಡಿ. ಕಂಡಕ್ಟಿಂಗ್ ಗಾಜಿನ ಒಂದು ಮುಖಕ್ಕೆ ಮಾತ್ರ ಲೇಪ ಇರುತ್ತದೆ. ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಮುಟ್ಟಿಸಿದರೆ ಕೆಲವು ಹತ್ತು ಓಮ್ ತೋರಿಸಬೇಕು. ಉಲ್ಟಾ ಮುಖಕ್ಕೆ ಟೈಟಾನಿಯಂ ಡೈಆಕ್ಸೈಡ್ ಪೇಸ್ಟ್ ಹಚ್ಚಿದವರು ಯಾರೂ ಒಪ್ಪಿಕೊಳ್ಳುವುದಿಲ್ಲ, ಆದರೆ ಎಲ್ಲರೂ ಒಮ್ಮೆ ಹಚ್ಚಿರುತ್ತಾರೆ. ಇನ್ನು ಪೇಸ್ಟನ್ನು 450 ಡಿಗ್ರಿಯಲ್ಲಿ ಸುಡುವವರು ಇಂಡಿಯಂ ಇರುವ ಗಾಜು ಬಳಸಬೇಡಿ, ಅಷ್ಟು ಬಿಸಿಗೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಫ್ಲೋರಿನ್ ಸೇರಿಸಿದ ಟಿನ್ ಆಕ್ಸೈಡಿನದ್ದು ತಡೆದುಕೊಳ್ಳುತ್ತದೆ.

ಆಮೇಲೆ ಪ್ರೋಟೀನಿನ ಆರೋಗ್ಯ. ಸ್ಪೆಕ್ಟ್ರೋಫೋಟೋಮೀಟರಿಗೆ (ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ) ಹಾಕಿ. 568ರ ಹತ್ತಿರ ದಪ್ಪ ಗುಡ್ಡ ಇರಬೇಕು. ಕತ್ತಲಲ್ಲಿ ತುಂಬಾ ಹೊತ್ತು ಇಟ್ಟಿದ್ದರೆ ಅದು 558ರ ಕಡೆ ಸರಿದಿರುತ್ತದೆ, ಅದು ದೋಷವಲ್ಲ, ಬೆಳಕಿಗೆ ಹಿಡಿದರೆ ವಾಪಸ್ ಬರುತ್ತದೆ. 280ರ ಎತ್ತರವನ್ನು 568ರ ಎತ್ತರದಿಂದ ಭಾಗಿಸಿ. 2ರ ಹತ್ತಿರ ಇದ್ದರೆ ಮಾಲು ಒಳ್ಳೆಯದು. 3, 4 ಅಂದರೆ ಬೇರೆ ಪ್ರೋಟೀನು ಕಲಬೆರಕೆ ಆಗಿದೆ, ಇಲ್ಲವೇ ರೆಟಿನಾಲ್ ಕಳಚಿದೆ. 380ರಲ್ಲಿ ಗುಡ್ಡ ಎದ್ದಿದೆಯಾ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ದ್ರಾವಣದ ಬಣ್ಣ ನೇರಳೆ ಹಣ್ಣಿನ ಹಾಗಿರಬೇಕು. ಕೋಕಂ ಶರಬತ್ತಿನ ಹಾಗೆ ಕೆಂಪಗಿದ್ದರೆ ಅದೇ ಜೀವಿಯ ಕ್ಯಾರೊಟಿನಾಯ್ಡ್ ಎಂಬ ಕೆಂಪು ಬಣ್ಣ ಉಳಿದುಕೊಂಡಿದೆ, ಸಕ್ಕರೆ ಗ್ರೇಡಿಯಂಟಿನಲ್ಲಿ (ಕೆಳಗೆ ಹೋದಂತೆ ಗಟ್ಟಿಯಾಗುವ ಸಕ್ಕರೆ ದ್ರಾವಣದಲ್ಲಿ) ಇನ್ನೊಮ್ಮೆ ಸೋಸಬೇಕು.

ಗಾಜಿನ ಮೇಲೆ ಹಚ್ಚಿದ ಮೇಲೆ ನೀಲಿಯಾಯಿತಾ? ಆಮ್ಲ. ಪಿಎಚ್ 3ಕ್ಕಿಂತ ಕೆಳಗೆ ಹೋದರೆ ಇದು 605 ನ್ಯಾನೊಮೀಟರಿಗೆ ಸರಿದು ನೀಲಿಯಾಗುತ್ತದೆ, ಪಂಪು ನಿಲ್ಲುತ್ತದೆ. ಪೇಸ್ಟಿಗೆ ಹಾಕಿದ್ದ ನೈಟ್ರಿಕ್ ಅಥವಾ ಅಸಿಟಿಕ್ ಆಮ್ಲ ಪದರದಲ್ಲಿ ಉಳಿದಿರಬಹುದು. ಚೆನ್ನಾಗಿ ತೊಳೆಯಿರಿ, ಬಣ್ಣ ಮರಳಿ ಬರುತ್ತದೆ.

ಬಣ್ಣ ಸರಿ ಇದೆ, ಪ್ರೋಟೀನ್ ಆರೋಗ್ಯವಾಗಿದೆ, ಆದರೂ ಪದರ ಬೆಳ್ಳಗೇ ಉಳಿದಿದೆಯಾ? ನನಗೆ ಇದು ತುಂಬಾ ಹೊತ್ತು ಹೊಳೆಯಲೇ ಇಲ್ಲ. ನೇರಳೆ ಪೊರೆಯ ಒಂದೊಂದು ತುಂಡು ಅರ್ಧ ಮೈಕ್ರೊಮೀಟರ್ ಅಗಲ, 5 ನ್ಯಾನೊಮೀಟರ್ ದಪ್ಪ. ಟೈಟಾನಿಯಂ ಪದರದ ತೂತುಗಳು ಸಾಮಾನ್ಯವಾಗಿ 20 ನ್ಯಾನೊಮೀಟರ್ ಆಸುಪಾಸು. ಜರಡಿಯ ತೂತಿನೊಳಗೆ ಹಪ್ಪಳ ಇಳಿಯುತ್ತದೆಯೇ? ಮೇಲೆಯೇ ಕೂರುತ್ತದೆ, ಒಳಗಿನ ಅಷ್ಟೂ ಜಾಗ ಖಾಲಿ. ಒಂದೋ ತೂತು ದೊಡ್ಡದಿರುವ ಪದರ ಮಾಡಿ, ಇಲ್ಲವೇ ಟ್ರೈಟಾನ್ ಥರದ ಡಿಟರ್ಜೆಂಟಿನಲ್ಲಿ ಪೊರೆ ಬಿಡಿಸಿ ಒಂಟಿ ಪ್ರೋಟೀನ್ ಇಳಿಸಿ. ಬಿಡಿಸಿದ ಪ್ರೋಟೀನಿಗೆ ಪೊರೆಯಲ್ಲಿದ್ದಾಗಿನ ಗಟ್ಟಿತನ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇಳಿಯುವಷ್ಟು ಸಣ್ಣದಿದ್ದರೂ ಅಂಟಬೇಕಲ್ಲ. ಪಿಎಚ್ 7ರಲ್ಲಿ ಪೊರೆಯೂ ಋಣ, ಟೈಟಾನಿಯಂ ಡೈಆಕ್ಸೈಡೂ ಋಣ, ಒಂದನ್ನೊಂದು ತಳ್ಳುತ್ತವೆ. ಟೈಟಾನಿಯಂ ಮೇಲ್ಮೈ ಸುಮಾರು ಪಿಎಚ್ 6ರ ಕೆಳಗೆ ಧನ ಆಗುತ್ತದೆ, ಅಂಟಿಸುವ ಹೊತ್ತಿಗೆ ಅಷ್ಟಕ್ಕೆ ಇಳಿಸಿಕೊಂಡರೆ ಅನುಕೂಲ. ಫಾಸ್ಫೇಟ್ ಬಫರ್ ಮಾತ್ರ ಬೇಡ. ಫಾಸ್ಫೇಟ್ ಟೈಟಾನಿಯಂಗೆ ಗಟ್ಟಿಯಾಗಿ ಹಿಡಿದುಕೊಂಡು ಪ್ರೋಟೀನಿಗೆ ಸೀಟೇ ಬಿಡುವುದಿಲ್ಲ.

ಸಪಾಟು ಗಾಜಿನವರಿಗೆ ದಿಕ್ಕಿನ ಸಮಸ್ಯೆ. ಸುಮ್ನೆ ಹನಿ ಹಾಕಿ ಒಣಗಿಸಿದರೆ ಅರ್ಧ ತುಂಡು ಮೇಲ್ಮುಖ, ಅರ್ಧ ಕೆಳಮುಖ ಕೂರುತ್ತವೆ. ಎರಡೂ ಎದುರುಬದುರು ಪಂಪ್ ಮಾಡಿ ಲೆಕ್ಕ ಸೊನ್ನೆ. ತೆಳು ದ್ರಾವಣವನ್ನು ಎರಡು ಗಾಜುಗಳ ನಡುವೆ ಇಟ್ಟು ಸಣ್ಣ ವೋಲ್ಟೇಜ್ ಕೊಟ್ಟು ಒಂದೇ ದಿಕ್ಕಿಗೆ ಕೂರಿಸುವುದು ಹಳೆಯ ಉಪಾಯ. ಇದಕ್ಕೆ ದ್ರಾವಣದಲ್ಲಿ ಉಪ್ಪು ಇರಲೇಬಾರದು. ಗುಳ್ಳೆ ಏಳುತ್ತಿದ್ದರೆ ವೋಲ್ಟೇಜ್ ಜಾಸ್ತಿಯಾಗಿದೆ, ನೀರೇ ಒಡೆಯುತ್ತಿದೆ.

ಸ್ಯಾಂಡ್‌ವಿಚ್ ಸೆಲ್‌ನವರಲ್ಲಿ ಅಯೊಡೈಡ್ ದ್ರಾವಣವನ್ನು ಅಸಿಟೊನೈಟ್ರೈಲ್‌ನಲ್ಲಿ ಮಾಡಿದವರಿದ್ದರೆ, ಅದು ಸಾಮಾನ್ಯ ಡೈ ಸೆಲ್‌ಗೆ ಸರಿ, ಪ್ರೋಟೀನಿಗೆ ವಿಷ. ನೀರಿನಲ್ಲೇ ಮಾಡಿ. ಕತ್ತಲಲ್ಲಿ ವೋಲ್ಟೇಜ್ ಏರಿಸುತ್ತಾ ಕರೆಂಟ್ ಅಳೆದಾಗ ನೆಟ್ಟಗೆ ಗೆರೆ ಎಳೆದ ಹಾಗೆ ಬಂದರೆ ಎರಡು ಗಾಜುಗಳು ಒಳಗೆಲ್ಲೋ ತಾಗಿವೆ, ಬೈಂಡರ್ ಕ್ಲಿಪ್ ಸಡಿಲಿಸಿ ನಡುವಿನ ಗ್ಯಾಸ್ಕೆಟ್ ಸರಿ ಮಾಡಿ.

ಅಳೆಯುವವನೇ ತಪ್ಪಿದರೆ

ಸಾಮಾನ್ಯ ಮಲ್ಟಿಮೀಟರಿನ ಒಳ ರೆಸಿಸ್ಟೆನ್ಸ್ 10 ಮೆಗಾಓಮ್. ಅದಕ್ಕಿಂತ ಜಾಸ್ತಿ ಒಳ ರೆಸಿಸ್ಟೆನ್ಸ್ ಇರುವ ಸೆಲ್‌ಗೆ ಅದನ್ನು ಜೋಡಿಸಿದರೆ ಮೀಟರೇ ವೋಲ್ಟೇಜನ್ನು ತಿಂದುಬಿಡುತ್ತದೆ. 200 ಮಿಲಿವೋಲ್ಟ್ ಇದ್ದದ್ದು 50 ತೋರಿಸಿದರೆ ಆಶ್ಚರ್ಯ ಬೇಡ, ಹೆಚ್ಚಿನ ಇಂಪಿಡೆನ್ಸ್ ಇರುವ ಆಂಪ್ಲಿಫಯರ್ ಇಡಿ. ಸೆಲ್ ತಪ್ಪೋ ಮೀಟರ್ ತಪ್ಪೋ ಗೊತ್ತಾಗದಿದ್ದರೆ ಸೆಲ್ ಜಾಗದಲ್ಲಿ ಒಂದು ಸಿಲಿಕಾನ್ ಫೋಟೊಡಯೋಡ್ ಇಟ್ಟು ನೋಡಿ. ಅದು ಲೈಟಿಗೆ ಸರಿಯಾಗಿ ಕುಣಿದರೆ ತಂತಿ, ಮೀಟರ್, ಲ್ಯಾಂಪ್ ಎಲ್ಲ ಸರಿ ಇದ್ದ ಹಾಗೆ.

ನ್ಯಾನೊಆಂಪಿಯರಿನಲ್ಲಿ 50 ಹರ್ಟ್ಸ್ ಗುಂಯ್ ಎನ್ನುವುದು ಖಾಯಂ ನೆಂಟ. ಟ್ಯೂಬ್‌ಲೈಟ್ ಆಫ್ ಮಾಡಿ, ತಂತಿ ಗಿಡ್ಡ ಮಾಡಿ, ಸೆಲ್ ಮೇಲೆ ಅರ್ತ್ ಮಾಡಿದ ತಗಡಿನ ಡಬ್ಬ ಮುಚ್ಚಿ. ನಮ್ಮದು ಹಳೆಯ ಬಿಸ್ಕೆಟ್ ಡಬ್ಬ, ಒಂದು ತೂತು ಕೊರೆದು ಬೆಳಕು ಬಿಡುತ್ತೇವೆ. ದುಬಾರಿ ಪೆಟ್ಟಿಗೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಪಾಲಕ್ ಸೊಪ್ಪಿನ ಪ್ರೋಟೀನ್ ಬಳಸುವವರಿಗೆ ಒಂದು ಮಾತು

ಎಲೆ ಬೆಳಕು ಹಿಡಿಯಲು ಬಳಸುವ ಫೋಟೊಸಿಸ್ಟಮ್ 1 ಎಂಬ ಪ್ರೋಟೀನ್ ಬಳಸಿದರೆ ಅರ್ಧ ಕಷ್ಟ ತಪ್ಪುತ್ತದೆ, ಅದು ನಿಜವಾಗಿಯೂ ಎಲೆಕ್ಟ್ರಾನನ್ನೇ ತಳ್ಳುತ್ತದೆ, ಹಾಗಾಗಿ ಅಲ್ಲಿ ನಿಲ್ಲುವ ಕರೆಂಟ್ ಬಂದರೆ ಅನುಮಾನ ಕಡಿಮೆ. 2012ರಲ್ಲಿ ಆಂಡ್ರಿಯಾಸ್ ಮೆರ್ಶಿನ್ ಮತ್ತು ಜೊತೆಗಾರರು ಟೈಟಾನಿಯಂ ಡೈಆಕ್ಸೈಡ್ ಮತ್ತು ಜಿಂಕ್ ಆಕ್ಸೈಡ್ ಮೇಲೆ ಇದನ್ನು ಕೂರಿಸಿ 0.5 ವೋಲ್ಟ್, ಚದರ ಸೆಂಟಿಮೀಟರಿಗೆ 362 ಮೈಕ್ರೊಆಂಪಿಯರ್ ಪಡೆದರು. ಆದರೂ ದಕ್ಷತೆ ಶೇಕಡಾ 0.08. ನಿಮ್ಮ ಸೆಲ್ ಇದರ ಹತ್ತು ಪಟ್ಟು ಕೊಡುತ್ತಿದ್ದರೆ ಮೇಲಿನ ಕಳ್ಳರನ್ನೆಲ್ಲ ಒಮ್ಮೆ ವಿಚಾರಿಸಿ. ಇಲ್ಲಿ ರೆಟಿನಾಲಿನ ಜಾಗದಲ್ಲಿ ಕ್ಲೋರೊಫಿಲ್ ಕಳ್ಳತನ ಮಾಡುತ್ತದೆ. ಪ್ರೋಟೀನ್ ಒಡೆದು ಹೊರಬಂದ ಬಿಡಿ ಕ್ಲೋರೊಫಿಲ್ ಕೂಡ ಟೈಟಾನಿಯಂ ಮೇಲೆ ಕೂತು ಕರೆಂಟ್ ಕೊಡುತ್ತದೆ. ಬೇಕೆಂದೇ ಕುದಿಸಿ ಕೆಡಿಸಿದ ಪ್ರೋಟೀನ್ ಹಚ್ಚಿ ಅಳೆಯಿರಿ. ಕೆಟ್ಟದ್ದೂ ಒಳ್ಳೆಯದೂ ಒಂದೇ ಕರೆಂಟ್ ಕೊಟ್ಟರೆ, ನಿಮ್ಮದು ಪ್ರೋಟೀನ್ ಸೆಲ್ ಅಲ್ಲ, ಸೊಪ್ಪಿನ ರಸದ ಸೆಲ್.

ನನ್ನ 60 ನ್ಯಾನೊಆಂಪಿಯರಿನ ಸುದ್ದಿ ಹೇಳುವುದು ಬಾಕಿ ಇದೆ. ಹಸಿರು ಎಲ್‌ಇಡಿಯಲ್ಲಿ ಉದ್ದ ಬಂತು, ಕೆಂಪಿನಲ್ಲಿ ಹೆಚ್ಚುಕಡಿಮೆ ಇಲ್ಲ. 50 ಮಿಲಿಮೋಲಾರ್ ಬಫರಿನಲ್ಲಿ ಕುಗ್ಗಿತು. ಆಮ್ಲ ಹನಿ ಹನಿಯಾಗಿ ಹಾಕುತ್ತಾ ಹೋದೆ, ಮುಳ್ಳು ಗಿಡ್ಡವಾಗುತ್ತಾ ಬಂದು, ಒಂದು ಹಂತದಲ್ಲಿ ಕಾಣದಾಗಿ, ಇನ್ನೆರಡು ಹನಿಗೆ ತಲೆಕೆಳಗಾಗಿ ಎದ್ದಿತು. 11 ಮೈಕ್ರೊಆಂಪಿಯರಿನ ಗ್ರಾಫ್ ಗೋಡೆಯಿಂದ ತೆಗೆದು ಇದನ್ನು ಅಂಟಿಸಿದೆ.